ವಿದ್ಯುತ್ ಮೋಟಾರು ತಿರುಗುವುದು ಹೇಗೆ?

ಕೇಳುಗರಿಗೆ ನಮಸ್ಕಾರ.

ಎರಡು ಕಾಂತಗಳನ್ನು ಹತ್ತಿರ ತಂದರೆ ಅವು ಒಂದನ್ನೊಂದು ಸೆಳೆಯುತ್ತವೆ, ಇಲ್ಲವೇ ತಳ್ಳುತ್ತವೆ. ಅವುಗಳಲ್ಲಿ ಒಂದನ್ನು ತಿರುಗಲು ಬರುವಂತೆ ಅಚ್ಚಿನ ಮೇಲೆ ಕೂರಿಸಿದ್ದರೆ, ಅದು ಒಂದಿಷ್ಟು ತಿರುಗಿ, ತನ್ನ ಉತ್ತರ ಧ್ರುವವು ಎದುರಿನ ದಕ್ಷಿಣ ಧ್ರುವಕ್ಕೆ ಮುಖಾಮುಖಿಯಾದೊಡನೆ ನಿಂತುಬಿಡುತ್ತದೆ. ಸೆಳೆತವೇನೋ ಹಾಗೆಯೇ ಇರುತ್ತದೆ. ಚಲನೆ ಮಾತ್ರ ಮುಗಿದಿರುತ್ತದೆ. ಮೋಟಾರಿನ ವಿದ್ಯೆಯೆಲ್ಲ ಅಡಗಿರುವುದು ಈ ನಿಲುಗಡೆಯನ್ನು ತಪ್ಪಿಸುವುದರಲ್ಲಿ.

ತಂತಿಯಲ್ಲಿ ವಿದ್ಯುತ್ತು ಹರಿದಾಗ ಅದರ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ ಎಂಬುದನ್ನು 1820ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಅರ್ಸ್ಟೆಡ್ ಪ್ರಕಟಿಸಿದರು. ತಂತಿಯ ಬಳಿಯಿದ್ದ ದಿಕ್ಸೂಚಿಯ ಮುಳ್ಳು ಕದಲಿದ್ದೇ ಅದಕ್ಕೆ ಸಾಕ್ಷಿಯಾಗಿತ್ತು. ಮರುವರ್ಷ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ, ಪಾದರಸ ತುಂಬಿದ ಪಾತ್ರೆಯ ನಡುವೆ ಕಾಂತವೊಂದನ್ನು ನಿಲ್ಲಿಸಿ, ಮೇಲಿನಿಂದ ಇಳಿಬಿಟ್ಟ ತಂತಿಯು ವಿದ್ಯುತ್ತು ಹರಿಯುತ್ತಿರುವಷ್ಟು ಕಾಲವೂ ಕಾಂತದ ಸುತ್ತ ಸುತ್ತುತ್ತಲೇ ಇರುವುದನ್ನು ತೋರಿಸಿದರು. ಅದರಿಂದ ಯಾವ ಕೆಲಸವನ್ನೂ ಮಾಡಿಸುವಂತಿರಲಿಲ್ಲ. ಆದರೂ ವಿದ್ಯುತ್ತು ಎಡೆಬಿಡದ ತಿರುಗುವಿಕೆಯಾಗಬಲ್ಲದು ಎಂಬುದು ಅಲ್ಲಿಗೆ ಸ್ಥಿರಪಟ್ಟಿತು.

ತಂತಿಯ ಸುರುಳಿಗೆ ವಿದ್ಯುತ್ತು ಹಾಯಿಸಿ ಮಾಡಿದ ಕಾಂತಕ್ಕೆ ಒಂದು ಅನುಕೂಲವಿದೆ. ವಿದ್ಯುತ್ತಿನ ದಿಕ್ಕನ್ನು ಬದಲಿಸಿದರೆ ಅದರ ಉತ್ತರ ದಕ್ಷಿಣಗಳು ಅದಲುಬದಲಾಗುತ್ತವೆ. ತಿರುಗುವ ಸುರುಳಿಯು ಎದುರಿನ ಧ್ರುವವನ್ನು ತಲುಪುವ ಹೊತ್ತಿಗೆ ಸರಿಯಾಗಿ ದಿಕ್ಕು ಬದಲಿಸಿದರೆ, ಅದುವರೆಗೆ ಸೆಳೆಯುತ್ತಿದ್ದ ಧ್ರುವವೇ ತಳ್ಳತೊಡಗುತ್ತದೆ, ಸುರುಳಿ ನಿಲ್ಲದೆ ಮುಂದಕ್ಕೆ ಹೋಗುತ್ತದೆ. ಈ ಕೆಲಸವನ್ನು ಅಚ್ಚಿನ ಮೇಲಿರುವ ತಾಮ್ರದ ಪಟ್ಟಿಗಳ ಉರುಳೆಯೊಂದು ತಾನಾಗಿಯೇ ಮಾಡುತ್ತದೆ. ಅದಕ್ಕೆ ಕಮ್ಯುಟೇಟರ್ ಎಂದು ಹೆಸರು. ಅದರ ಮೈಗೆ ಸದಾ ಒತ್ತಿಕೊಂಡು ಹೊರಗಿನ ವಿದ್ಯುತ್ತನ್ನು ಅದಕ್ಕೆ ದಾಟಿಸುವ ಎರಡು ಇದ್ದಿಲಿನ ತುಂಡುಗಳೇ ಕಾರ್ಬನ್ ಬ್ರಷ್ಷುಗಳು.

ಅಡುಗೆಮನೆಯ ಮಿಕ್ಸಿಯಲ್ಲಿಯೂ ಕೈಯಲ್ಲಿ ಹಿಡಿಯುವ ಡ್ರಿಲ್ಲಿಂಗ್ ಯಂತ್ರದಲ್ಲಿಯೂ ಸಾಮಾನ್ಯವಾಗಿ ಇರುವುದು ಈ ಬಗೆಯ ಮೋಟಾರು. ಯಂತ್ರದ ಗಾಳಿಕಿಂಡಿಯಲ್ಲಿ ಕಾಣುವ ನೀಲಿ ಕಿಡಿಗಳು, ಬ್ರಷ್ಷು ಒಂದು ಪಟ್ಟಿಯನ್ನು ಬಿಟ್ಟು ಇನ್ನೊಂದನ್ನು ಹಿಡಿಯುವಾಗ ಏಳುವಂಥವು. ಸಣ್ಣ ಗಾತ್ರದಲ್ಲಿ ಭಾರಿ ವೇಗ ಇದರ ಗುಣ. ಗದ್ದಲವೂ ಸವೆತವೂ ಇದರ ದೋಷ. ಬ್ರಷ್ಷು ಸವೆದು ಗಿಡ್ಡದಾದಾಗ ಯಂತ್ರ ತಡೆತಡೆದು ಓಡುತ್ತದೆ. ಆಗ ಬ್ರಷ್ಷಿನ ಜೋಡಿಯನ್ನು ಬದಲಿಸಿದರೆ ಸಾಕಾಗುವುದುಂಟು, ಇಡೀ ಮೋಟಾರನ್ನೇ ಬಿಸಾಡಬೇಕಾಗಿಲ್ಲ.

ನಿಲುಗಡೆಯನ್ನು ತಪ್ಪಿಸುವ ಇನ್ನೊಂದು ಉಪಾಯ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಸೊಗಸಾದದ್ದು. ಇಲ್ಲಿ ತಿರುಗುವ ಭಾಗದ ಧ್ರುವಗಳನ್ನು ಬದಲಿಸುವುದಿಲ್ಲ; ಸುತ್ತಲಿನ ಕಾಂತಕ್ಷೇತ್ರವನ್ನೇ ತಿರುಗಿಸಲಾಗುತ್ತದೆ. ಪರ್ಯಾಯ ವಿದ್ಯುತ್ತು, ಅಂದರೆ ಎಸಿ, ಕ್ಷಣಕ್ಷಣಕ್ಕೂ ಏರಿಳಿಯುವಂಥದ್ದು. ಒಂದರ ಹಿಂದೊಂದು ಏರಿಳಿಯುವ ಇಂಥ ಮೂರು ವಿದ್ಯುತ್ ಪ್ರವಾಹಗಳನ್ನು ಸುತ್ತಲೂ ಜೋಡಿಸಿದ ಸುರುಳಿಗಳಿಗೆ ಕೊಟ್ಟರೆ, ಸುರುಳಿಗಳು ಕದಲದೆ ಇದ್ದರೂ ಅವುಗಳ ಒಟ್ಟು ಕಾಂತಕ್ಷೇತ್ರ ವೃತ್ತಾಕಾರದಲ್ಲಿ ಸುತ್ತುತ್ತದೆ. ನಡುವೆ ತಿರುಗುವ ಭಾಗಕ್ಕೆ, ಅಂದರೆ ರೋಟರಿಗೆ, ಹೊರಗಿನಿಂದ ಯಾವ ತಂತಿಯ ಸಂಪರ್ಕವೂ ಇಲ್ಲ. ಸುತ್ತುವ ಕ್ಷೇತ್ರವೇ ಅದರಲ್ಲಿರುವ ಲೋಹದ ಸರಳುಗಳಲ್ಲಿ ವಿದ್ಯುತ್ತನ್ನು ಪ್ರೇರಿಸಿ, ಅದನ್ನು ಕಾಂತವಾಗಿಸಿ, ತನ್ನ ಹಿಂದೆ ಎಳೆದುಕೊಂಡು ಹೋಗುತ್ತದೆ. ಇಟಲಿಯ ಗೆಲಿಲಿಯೊ ಫೆರಾರಿಸ್ ಮತ್ತು ಅಮೆರಿಕದಲ್ಲಿ ನೆಲೆಸಿದ್ದ ನಿಕೊಲಾ ಟೆಸ್ಲಾ ಈ ತತ್ವವನ್ನು ಬೇರೆಬೇರೆಯಾಗಿಯೇ ಕಂಡುಕೊಂಡರು. ಟೆಸ್ಲಾ ಅವರಿಗೆ 1888ರಲ್ಲಿ ಪೇಟೆಂಟುಗಳು ದೊರೆತವು.

ನೆರಳನ್ನು ಅಟ್ಟಿಸಿಕೊಂಡು ಹೋದವನಿಗೆ ಅದು ಎಂದೂ ಸಿಕ್ಕದಿರುವಂತೆ, ರೋಟರು ಈ ಕ್ಷೇತ್ರವನ್ನು ಎಂದೂ ಹಿಡಿಯಲಾರದು; ಹಿಡಿದರೆ ಪ್ರೇರಣೆಯೇ ನಿಂತು ಸೆಳೆತ ಇಲ್ಲವಾಗುತ್ತದೆ. ನಾಲ್ಕು ಧ್ರುವಗಳ ಮೋಟಾರಿನಲ್ಲಿ, ಸೆಕೆಂಡಿಗೆ 50 ಆವರ್ತನಗಳ ವಿದ್ಯುತ್ತಿದ್ದರೆ, ಕ್ಷೇತ್ರವು ನಿಮಿಷಕ್ಕೆ 1500 ಸುತ್ತು ಸುತ್ತುತ್ತದೆ. ಆದರೆ ಅಂಥ ಮೋಟಾರಿನ ಮೈಮೇಲಿನ ತಗಡಿನಲ್ಲಿ 1440 ಎಂದೋ ಅದರ ಆಸುಪಾಸಿನ ಅಂಕಿಯೋ ಬರೆದಿರುತ್ತದೆ. ಆ ವ್ಯತ್ಯಾಸವು ತಯಾರಿಕೆಯ ಕೊರತೆಯಲ್ಲ, ಮೋಟಾರು ಕೆಲಸ ಮಾಡುವುದೇ ಅದರಿಂದ. ಕಾರ್ಖಾನೆಯ ಯಂತ್ರಗಳು, ನೀರೆತ್ತುವ ಪಂಪುಗಳು, ಹಿಟ್ಟಿನ ಗಿರಣಿಗಳು ಬಹುಮಟ್ಟಿಗೆ ನಡೆಯುವುದು ಈ ಪ್ರೇರಣ ಮೋಟಾರುಗಳಿಂದ.

ಮನೆಗಳಿಗೆ ಸಾಮಾನ್ಯವಾಗಿ ಬರುವುದು ಒಂದೇ ಫೇಸಿನ ವಿದ್ಯುತ್ತು, ಅಂದರೆ ಆ ಮೂರು ಪ್ರವಾಹಗಳಲ್ಲಿ ಒಂದು ಮಾತ್ರ. ಅದರಿಂದ ಕ್ಷೇತ್ರ ಹಿಂದುಮುಂದಾಗಿ ಮಿಡಿಯುತ್ತದೆಯೇ ಹೊರತು ಸುತ್ತುವುದಿಲ್ಲ. ಹೀಗಾಗಿ ಸೀಲಿಂಗ್ ಫ್ಯಾನಿನಲ್ಲಿ ಎರಡನೆಯ ಸುರುಳಿಯೊಂದನ್ನು ಇಟ್ಟು, ಕೆಪಾಸಿಟರ್ ಮೂಲಕ ಅದರ ವಿದ್ಯುತ್ತಿನ ಏರಿಳಿತವನ್ನು ಮುಂದಕ್ಕೆ ಸರಿಸಲಾಗುತ್ತದೆ. ಕೆಪಾಸಿಟರ್ ಪೂರ್ತಿ ಕೆಟ್ಟರೆ ಫ್ಯಾನು ಗುಂಯ್ ಎನ್ನುತ್ತ ನಿಂತಲ್ಲೇ ನಿಂತಿರುತ್ತದೆ, ಅದರ ರೆಕ್ಕೆಯನ್ನು ಯಾವ ಕಡೆಗೆ ತಳ್ಳಿದರೆ ಆ ಕಡೆಗೇ ನಿಧಾನವಾಗಿ ತಿರುಗಲು ಹೊರಡುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು. ಕಾಂತಕ್ಷೇತ್ರದಲ್ಲಿ ತಿರುಗುವ ಸುರುಳಿ ತಾನೇ ವಿದ್ಯುತ್ತನ್ನು ಉತ್ಪಾದಿಸುತ್ತದೆ. ಹೀಗೆ ಹುಟ್ಟಿದ ವೋಲ್ಟೇಜು ಹೊರಗಿನಿಂದ ಬರುವ ವಿದ್ಯುತ್ತಿಗೆ ಎದುರಾಗಿ ನಿಂತು ಅದನ್ನು ಹತೋಟಿಯಲ್ಲಿಡುತ್ತದೆ. ನಿಂತ ಮೋಟಾರಿನಲ್ಲಿ ಈ ಎದುರಿಕೆ ಇಲ್ಲ. ಆದ್ದರಿಂದ ಮೋಟಾರು ಹೊರಡುವ ಗಳಿಗೆಯಲ್ಲಿ ಮಾಮೂಲಿಗಿಂತ ಹಲವು ಪಟ್ಟು ವಿದ್ಯುತ್ತು ನುಗ್ಗುತ್ತದೆ, ಪಂಪು ಚಾಲೂ ಮಾಡಿದಾಗ ದೀಪ ಒಮ್ಮೆ ಮಂಕಾಗುವುದು ಇದೇ ಕಾರಣಕ್ಕೆ. ಜಾರಿನಲ್ಲಿ ಗಟ್ಟಿ ಪದಾರ್ಥ ಸಿಕ್ಕಿಕೊಂಡು ಮಿಕ್ಸಿ ನಿಂತಾಗಲೂ ಸ್ವಿಚ್ಚು ಒತ್ತಿಯೇ ಹಿಡಿದಿದ್ದರೆ ಆ ನುಗ್ಗುವಿಕೆ ಇಳಿಯುವುದೇ ಇಲ್ಲ. ತಂತಿಯ ಮೇಲಿನ ವಿದ್ಯುತ್ ನಿರೋಧಕ ಲೇಪ ಕೆಟ್ಟು, ಸುಟ್ಟ ವಾಸನೆ ಬರುವ ಹೊತ್ತಿಗೆ ವೈಂಡಿಂಗ್ ಹಾಳಾಗಿರುತ್ತದೆ. ಕೂಡಲೇ ಸ್ವಿಚ್ಚು ಬಿಡುವುದೊಂದೇ ದಾರಿ.

ಮೋಟಾರೆಂದರೆ ದೊಡ್ಡದೇ ಆಗಬೇಕಿಲ್ಲ. ಮುಳ್ಳಿರುವ ಕ್ವಾರ್ಟ್ಜ್ ಕೈಗಡಿಯಾರದಲ್ಲಿ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ; ಆ ಸಂಖ್ಯೆಯನ್ನು 15 ಸಲ ಅರ್ಧಕ್ಕಿಳಿಸಿದರೆ ಉಳಿಯುವುದು ಒಂದು, ಆ ಒಂದು ಮಿಡಿತವೇ ಪುಟ್ಟ ಮೋಟಾರನ್ನು ಒಂದು ಹೆಜ್ಜೆ ಸರಿಸುತ್ತದೆ.

ವಿದ್ಯುತ್ ವಾಹನಗಳಂತೂ ಮೋಟಾರಿನ ಎರಡು ಮುಖಗಳನ್ನೂ ಬಳಸಿಕೊಳ್ಳುತ್ತವೆ. ವೇಗ ತಗ್ಗಿಸುವಾಗ ಚಕ್ರಗಳೇ ಮೋಟಾರನ್ನು ತಿರುಗಿಸುತ್ತವೆ, ಅದು ಜನರೇಟರಾಗಿ ಬ್ಯಾಟರಿಗೆ ಒಂದಿಷ್ಟು ವಿದ್ಯುತ್ತನ್ನು ಮರಳಿಸುತ್ತದೆ. ವೇಗ ಇಳಿದಂತೆಲ್ಲ ಹುಟ್ಟುವ ವೋಲ್ಟೇಜೂ ಕುಗ್ಗುವುದರಿಂದ ಈ ಲಾಭ ಕೊನೆಯವರೆಗೆ ಸಿಗುವುದಿಲ್ಲ. ಹಾಗಾಗಿ ಇಂಥ ವಾಹನಗಳಲ್ಲಿಯೂ ಉಜ್ಜಿ ನಿಲ್ಲಿಸುವ ಮಾಮೂಲಿ ಬ್ರೇಕು ಇದ್ದೇ ಇರುತ್ತದೆ.