ದಡ ಹತ್ತುವ ಹಡಗು: ಎಲ್‌ಎಸ್‌ಟಿ-325ರ ಸೇವೆಯ ಕಥೆ

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಒಂದೇ ಒಂದು ಹಡಗಿನ ಬಗ್ಗೆ. ಎರಡನೇ ಮಹಾಯುದ್ಧದಲ್ಲಿ ದುಡಿಯುವಾಗ ಅದಕ್ಕೆ ಹೆಸರೂ ಇರಲಿಲ್ಲ, ನಂಬರು ಮಾತ್ರ: ಎಲ್‌ಎಸ್‌ಟಿ-325. ಟ್ಯಾಂಕುಗಳನ್ನು ಹೊತ್ತುಕೊಂಡು ಸಮುದ್ರ ದಾಟಿ, ಬಂದರಿನ ಹಂಗಿಲ್ಲದೆ ನೇರ ಮರಳಿನ ಮೇಲೆ ಇಳಿಸುವುದು ಈ ಜಾತಿಯ ಹಡಗಿನ ಕೆಲಸ. ಹೆಸರೇ ‘ಲ್ಯಾಂಡಿಂಗ್ ಶಿಪ್, ಟ್ಯಾಂಕ್’, ಅದರ ಚುಟುಕು ಎಲ್‌ಎಸ್‌ಟಿ. ಯುದ್ಧದ ಅವಧಿಯಲ್ಲಿ ಅಮೆರಿಕ ಇಂಥವನ್ನು ಸಾವಿರಕ್ಕೂ ಹೆಚ್ಚು ಕಟ್ಟಿತು. ಅವುಗಳಲ್ಲಿ ಯುದ್ಧಕಾಲದ ರೂಪ ಉಳಿಸಿಕೊಂಡು, ಸ್ವಂತ ಎಂಜಿನ್ನಿನ ಬಲದಿಂದ ಅಲ್ಲಿ ಈಗಲೂ ಓಡಾಡುತ್ತಿರುವುದು ಇದು. ಇದರ ಬದುಕಿನಲ್ಲಿ ನಡೆದ ಒಳಿತು ಕೆಡುಕುಗಳೆರಡಕ್ಕೂ ಕಾರಣ ಅದರ ಚಪ್ಪಟೆ ತಳ. ಹಾಗಾಗಿ ತಳದಿಂದಲೇ ಶುರುಮಾಡುತ್ತೇನೆ.

1940ರಲ್ಲಿ ಡನ್‌ಕರ್ಕ್‌ನಿಂದ ಹಿಂದೆ ಸರಿದ ಬ್ರಿಟಿಷರಿಗೆ, ಮತ್ತೆ ಯುರೋಪಿಗೆ ಕಾಲಿಡಬೇಕಾದರೆ ಟ್ಯಾಂಕುಗಳನ್ನು ತೆರೆದ ದಡದಲ್ಲಿ ಇಳಿಸುವ ದೊಡ್ಡ ಹಡಗು ಬೇಕು ಅನ್ನುವುದು ಖಚಿತವಾಯಿತು. ಮೊದಲಿಗೆ ವೆನೆಜುವೆಲಾದ ಮರಕೈಬೊ ಸರೋವರದ ಆಳವಿಲ್ಲದ ನೀರಿಗೆಂದು ಕಟ್ಟಿದ್ದ ಮೂರು ತೈಲ ಹಡಗುಗಳ ಮೂತಿ ಕತ್ತರಿಸಿ ಬಾಗಿಲು ಕೂರಿಸಿದರು. ಅದು ತಾತ್ಕಾಲಿಕ ಏರ್ಪಾಡು. ಆಮೇಲೆ ಅಮೆರಿಕದ ನೆರವು ಕೇಳಿದರು. 1941ರ ನವೆಂಬರಿನಲ್ಲಿ ಅಮೆರಿಕದ ನೌಕಾ ವಿನ್ಯಾಸಕಾರ ಜಾನ್ ನೀಡರ್‌ಮೇಯರ್ ಒಂದು ನಕ್ಷೆ ಗೀಚಿದರು. ಸಾಲು ಸಾಲಾಗಿ ಬಂದ ಎಲ್‌ಎಸ್‌ಟಿಗಳೆಲ್ಲ ಆ ನಕ್ಷೆಯಿಂದ ಹುಟ್ಟಿದವು.

ಅವರ ಮುಂದಿದ್ದ ತೊಡಕನ್ನು ಗಮನಿಸಿ. ಸಾಗರ ದಾಟುವ ಹಡಗು ನೀರಿನಲ್ಲಿ ಆಳವಾಗಿ ಕೂರಬೇಕು, ಇಲ್ಲದಿದ್ದರೆ ಅಲೆಗೆ ನಿಲ್ಲುವುದಿಲ್ಲ. ದಡ ಹತ್ತುವ ಹಡಗಿಗೆ ಮೊಣಕಾಲು ಮುಳುಗುವಷ್ಟು ನೀರೂ ಸಾಕಾಗಬೇಕು. ನಮ್ಮ ತುಂಗಭದ್ರೆಯ ಹರಿಗೋಲು ಎರಡನೆಯ ಕೆಲಸವನ್ನು ಸೊಗಸಾಗಿ ಮಾಡುತ್ತದೆ, ಆದರೆ ಅದನ್ನು ಯಾರೂ ಸಮುದ್ರಕ್ಕೆ ಒಯ್ಯುವುದಿಲ್ಲ. ನೀಡರ್‌ಮೇಯರ್ ಹುಡುಕಿದ ದಾರಿ ಜಲಾಂತರ್ಗಾಮಿಗಳಲ್ಲಿ ಬಳಕೆಯಲ್ಲಿದ್ದ ಬ್ಯಾಲಸ್ಟ್ ಟ್ಯಾಂಕು, ಅಂದರೆ ತೂಕ ಹೊಂದಿಸಲು ನೀರು ತುಂಬುವ ತೊಟ್ಟಿ. ಸಾಗರದಲ್ಲಿ ಈ ತೊಟ್ಟಿಗಳಿಗೆ ಸಮುದ್ರದ ನೀರು ತುಂಬಿಸು, ಹಡಗು ಕೆಳಗೆ ಕೂರುತ್ತದೆ. ದಡ ಹತ್ತಿರ ಬಂದಾಗ ಆ ನೀರನ್ನು ಪಂಪ್ ಮಾಡಿ ಹೊರಹಾಕು, ಮೇಲೆ ಬರುತ್ತದೆ.

ಅಂಕಿಗಳನ್ನು ನೋಡಿದರೆ ಈ ಉಪಾಯದ ಜಾಣತನ ತಿಳಿಯುತ್ತದೆ. ಉದ್ದ 328 ಅಡಿ, ಅಗಲ 50 ಅಡಿ. ಪೂರ್ತಿ ಹೊರೆಯೊಂದಿಗೆ ಸಾಗರದಲ್ಲಿರುವಾಗ ಮೂತಿ ಸುಮಾರು 8 ಅಡಿ, ಹಿಂಬದಿ 14 ಅಡಿಗಿಂತ ಸ್ವಲ್ಪ ಹೆಚ್ಚು ನೀರಿನೊಳಗೆ ಇರುತ್ತಿತ್ತು. 500 ಟನ್ ಸರಕಿನೊಂದಿಗೆ ದಡಕ್ಕೆ ನುಗ್ಗುವಾಗ ಮೂತಿ 3 ಅಡಿ 11 ಇಂಚು, ಹಿಂಬದಿ 9 ಅಡಿ 10 ಇಂಚು. ಎರಡರ ನಡುವೆ ಸುಮಾರು 6 ಅಡಿ ವ್ಯತ್ಯಾಸ. ಅಂದರೆ ತಳವೇ ಹೆಚ್ಚುಕಡಿಮೆ 50 ಅಡಿಗೆ 1 ಅಡಿಯ ಇಳಿಜಾರಿನಲ್ಲಿ ನಿಂತಿರುತ್ತದೆ. ದಡದ ಇಳಿಜಾರೂ ಅಷ್ಟೇ ಇದ್ದರೆ ತಳ ಮರಳಿನ ಮೇಲೆ ಉದ್ದಕ್ಕೂ ಸಮವಾಗಿ ಕೂರುತ್ತದೆ, ವಾಹನ ಇಳಿಯಲು ಮೂತಿಯಿಂದ ಚಾಚುವ ರ‍್ಯಾಂಪಿನ ತುದಿ ಒಣಮರಳಿಗೆ ಹತ್ತಿರವಾಗುತ್ತದೆ.

325ನ್ನು ಕಟ್ಟಿದ್ದು ಫಿಲಡೆಲ್ಫಿಯಾದ ನೌಕಾಂಗಣದಲ್ಲಿ. ನೀರಿಗಿಳಿದದ್ದು 1942ರ ಅಕ್ಟೋಬರ್ 27, ಸೇವೆಗೆ ಸೇರಿದ್ದು 1943ರ ಫೆಬ್ರವರಿ 1. 900 ಅಶ್ವಶಕ್ತಿಯ ಎರಡು ಜನರಲ್ ಮೋಟಾರ್ಸ್ 567 ಡೀಸೆಲ್ ಎಂಜಿನ್ನು, ಪ್ರತಿಯೊಂದಕ್ಕೂ 12 ಸಿಲಿಂಡರು. ಹೆಚ್ಚೆಂದರೆ 12 ನಾಟ್ ವೇಗ, ಗಂಟೆಗೆ ಸುಮಾರು 22 ಕಿಲೋಮೀಟರು. ಬೆಂಗಾವಲಿನ ಸಾಲಿನಲ್ಲಿ ಸಾಗುವಾಗ 9 ನಾಟ್ ಸಿಕ್ಕರೆ ಹೆಚ್ಚು. ನಾವಿಕರು ಎಲ್‌ಎಸ್‌ಟಿ ಅನ್ನುವ ಅಕ್ಷರಗಳನ್ನು ‘ಲಾರ್ಜ್ ಸ್ಲೋ ಟಾರ್ಗೆಟ್’, ಅಂದರೆ ‘ದೊಡ್ಡದು, ನಿಧಾನದ್ದು, ಗುರಿಯಿಡಲು ಸುಲಭದ್ದು’ ಎಂದು ಬಿಡಿಸುತ್ತಿದ್ದರು.

ಒಳಗೆ ಮೂತಿಯಿಂದ ಹಿಂದಕ್ಕೆ 288 ಅಡಿ ಉದ್ದದ, 30 ಅಡಿ ಅಗಲದ ಒಂದೇ ಹಜಾರ, ಟ್ಯಾಂಕ್ ಡೆಕ್ಕು. ಅದನ್ನು ತುಂಬುವ ಕ್ರಮಕ್ಕೆ ತಲೆ ಓಡಿಸಬೇಕು. ಪ್ರತಿ ವಾಹನವೂ ರಿವರ್ಸಿನಲ್ಲಿ ಒಳಗೆ ಹೋಗಬೇಕು, ದಡದಲ್ಲಿ ನೇರ ಮುಂದಕ್ಕೆ ಓಡಿಸಿಕೊಂಡು ಹೋಗಲು. ಮೊದಲು ಯುದ್ಧಕ್ಕೆ ಇಳಿಯಬೇಕಾದದ್ದನ್ನು ಕೊನೆಗೆ ಹತ್ತಿಸಬೇಕು. ಪ್ರತಿಯೊಂದನ್ನೂ ಸರಪಳಿ ಹಾಕಿ ನೆಲದ ಕೊಂಡಿಗಳಿಗೆ ಬಿಗಿಯಬೇಕು. 30 ಟನ್ನಿನ ಟ್ಯಾಂಕೊಂದು ಅಲೆಗೆ ಸಡಿಲಾದರೆ ಪಕ್ಕದ ಲಾರಿಗಳನ್ನು ಜಜ್ಜುತ್ತದೆ. ಇಳಿಯುವ ಹೊತ್ತಿಗೆ ಎಲ್ಲ ವಾಹನಗಳೂ ಎಂಜಿನ್ ಚಾಲೂ ಮಾಡುತ್ತವೆ. ಮುಚ್ಚಿದ ಹಜಾರದಲ್ಲಿ ಆ ಹೊಗೆ, ಮುಖ್ಯವಾಗಿ ಕಾರ್ಬನ್ ಮೊನಾಕ್ಸೈಡ್, ಕೆಲವೇ ನಿಮಿಷಗಳಲ್ಲಿ ಜನರನ್ನು ಕೆಡವಬಲ್ಲದು. ಅದಕ್ಕಾಗಿ 1942ರಲ್ಲಿ ಕೆಂಟಕಿಯ ಫೋರ್ಟ್ ನಾಕ್ಸ್‌ನಲ್ಲಿ, ಸಮುದ್ರದಿಂದ ನೂರಾರು ಮೈಲಿ ದೂರದಲ್ಲಿ, ಟ್ಯಾಂಕ್ ಡೆಕ್ಕಿನ ಪಡಿಯಚ್ಚಿನಂಥ ಕಟ್ಟಡ ಕಟ್ಟಿ, ಒಳಗೆ ಟ್ಯಾಂಕು ಓಡಿಸಿ, ಫ್ಯಾನುಗಳು ಎಷ್ಟು ಗಾಳಿ ಎಳೆಯಬೇಕೆಂದು ಪರೀಕ್ಷೆ ಮಾಡಿದರು. ಆಮೇಲೆ ಹಡಗುಗಳಲ್ಲಿ ಬಾಗಿಲು ತೆರೆಯುವ ಮುಂಚೆ ಫ್ಯಾನು, ಫ್ಯಾನಿನ ನಂತರ ಎಂಜಿನ್ನು ಅನ್ನುವ ಕ್ರಮ ಪಾಲನೆಯಾಯಿತು.

ಈಗ ದಡ ಹತ್ತುವ ಗಳಿಗೆಗೆ ಬರೋಣ. ಬ್ಯಾಲಸ್ಟ್ ಖಾಲಿಯಾಗಿದೆ, ಹಡಗು ದಡಕ್ಕೆ ಲಂಬವಾಗಿ ಮುಖಮಾಡಿದೆ. ಮರಳು ತಾಗುವುದಕ್ಕೆ ನೂರಾರು ಅಡಿ ಮೊದಲೇ ಹಿಂಬದಿಯ ಲಂಗರು ಬಿಡುತ್ತಾರೆ. ಅದರ ಉಕ್ಕಿನ ಹಗ್ಗ ವಿಂಚಿನಿಂದ, ಅಂದರೆ ಹಗ್ಗ ಸುತ್ತುವ ಯಂತ್ರದಿಂದ, ಬಿಚ್ಚಿಕೊಳ್ಳುತ್ತ ಹೋಗುತ್ತದೆ, ಹಡಗು ಮರಳಿಗೆ ಉಜ್ಜಿ ನಿಲ್ಲುತ್ತದೆ. ಮೂತಿಯ ಎರಡು ಬಾಗಿಲು ತೆರೆದು ರ‍್ಯಾಂಪು ಕೆಳಗಿಳಿಯುತ್ತದೆ. ಇಳಿಸುವುದು ಮುಗಿದ ಮೇಲೆ ಎರಡು ಪ್ರೊಪೆಲ್ಲರುಗಳನ್ನೂ ಹಿಂದಕ್ಕೆ ತಿರುಗಿಸಿ, ಜೊತೆಗೆ ವಿಂಚಿನಿಂದ ಲಂಗರಿನ ಹಗ್ಗ ಎಳೆದು, ಹಡಗು ತನ್ನನ್ನೇ ದಡದಿಂದ ಬಿಡಿಸಿಕೊಳ್ಳುತ್ತದೆ.

ಕೆಡುವುದೂ ಇಲ್ಲೇ. ಲಂಗರನ್ನು ಬೇಗ ಬಿಟ್ಟರೆ ಹಗ್ಗ ಮುಗಿದುಹೋಗುತ್ತದೆ. ತಡವಾಗಿ ಬಿಟ್ಟರೆ ಅದು ಹಿಡಿಯುವುದಕ್ಕೆ ನೆಲ ಸಿಗುವುದಿಲ್ಲ. ಹಿಡಿಯದಿದ್ದರೆ ಪಕ್ಕದಿಂದ ಬರುವ ಗಾಳಿ, ಸೆಳೆತಗಳು ಹಿಂಬದಿಯನ್ನು ದೂಡಿ ಹಡಗನ್ನು ದಡಕ್ಕೆ ಅಡ್ಡ ಮಲಗಿಸಿಬಿಡುತ್ತವೆ. ಸಡಿಲ ಬಿದ್ದ ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಎಂಜಿನ್ ಇದ್ದೂ ಇಲ್ಲದಂತೆ. ಪ್ರೊಪೆಲ್ಲರು ಕದಡಿದ ಮರಳು ಎಂಜಿನ್ ತಂಪಾಗಿಸುವ ನೀರಿನ ಜೊತೆ ಒಳಬಂದು ಜಾಲರಿಗಳನ್ನು ಮುಚ್ಚಿಹಾಕುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಮರಳಿನ ದಿಣ್ಣೆ: ಹಡಗು ದಿಣ್ಣೆಗೆ ತಾಗಿ ನಿಂತು ದಡ ಬಂತೆಂದು ಭಾವಿಸುತ್ತಾರೆ, ಅದರಾಚೆ ಆಳದ ನೀರಿರುತ್ತದೆ. 1943ರ ಜುಲೈನ ಸಿಸಿಲಿ ದಾಳಿಗೆ ಮುಂಚೆ ಈ ಅಪಾಯ ಊಹಿಸಿ, ಉಕ್ಕಿನ ಪೆಟ್ಟಿಗೆಗಳನ್ನು ಜೋಡಿಸಿದ ತೇಲುವ ಸೇತುವೆಗಳನ್ನು ಎಲ್‌ಎಸ್‌ಟಿಗಳ ಜೊತೆ ಒಯ್ದರು. ದಿಣ್ಣೆಯಿಂದ ದಡದವರೆಗೆ ಅದನ್ನು ಚಾಚಿ ವಾಹನಗಳನ್ನು ಓಡಿಸಿದರು. ಈ ಪಾಠ ನಮ್ಮ ನೌಕಾಪಡೆಗೂ ದುಬಾರಿಯಾಗಿಯೇ ಸಿಕ್ಕಿದೆ. 1971ರ ಡಿಸೆಂಬರಿನಲ್ಲಿ ಕಾಕ್ಸ್ ಬಜಾರಿನ ಬಳಿ ಐಎನ್‌ಎಸ್ ಘರಿಯಾಲ್ ಮತ್ತು ಗುಲ್‌ದಾರ್ ಇಂಥದೇ ದಿಣ್ಣೆಯ ಎದುರು ನಿಂತವು. ರ‍್ಯಾಂಪಿನಿಂದ ಇಳಿದ ಗೂರ್ಖಾ ಯೋಧರು ಆಳಕ್ಕೆ ಸಿಕ್ಕಿದರು, ಕೆಲವರು ಮುಳುಗಿ ಸತ್ತರು. ದಡದ ಆಳ ಅಳೆಯದೆ ಸೈನಿಕರನ್ನು ಇಳಿಸಬಾರದು ಅನ್ನುವುದು ಅಷ್ಟು ಸರಳ, ಅಷ್ಟೇ ಸುಲಭವಾಗಿ ಮರೆತುಹೋಗುವ ಮಾತು.

325 ಸಿಸಿಲಿಯ ಗೇಲಾ, ಆಮೇಲೆ ಇಟಲಿಯ ಸಲೆರ್ನೊ ಕಾರ್ಯಾಚರಣೆಗಳಲ್ಲಿ ದುಡಿದು ಇಂಗ್ಲೆಂಡಿಗೆ ಬಂತು. 1944ರ ಜೂನ್ 7ರಂದು, ಅಂದರೆ ಫ್ರಾನ್ಸಿನ ನಾರ್ಮಂಡಿಯ ಮೇಲೆ ಮಿತ್ರಪಡೆಗಳ ದಾಳಿ ಶುರುವಾದ ಮರುದಿನ, ಅಲ್ಲಿನ ಒಮಾಹಾ ದಡದಾಚೆ ಲಂಗರು ಹಾಕಿ, ನೆಲದಲ್ಲೂ ನೀರಲ್ಲೂ ಓಡುವ ಲಾರಿಗಳಿಗೆ ಮತ್ತು ಸಣ್ಣ ದೋಣಿಗಳಿಗೆ ಸರಕು ಇಳಿಸಿತು. ಆ ವಿಧಾನ ವಿಪರೀತ ನಿಧಾನ. ನಾರ್ಮಂಡಿಯಲ್ಲಿ ಉಬ್ಬರ ಇಳಿತಗಳ ಅಂತರ 20 ಅಡಿ ಮೀರುತ್ತದೆ. ಉಬ್ಬರದಲ್ಲಿ ದಡ ಹತ್ತಿ, ನೀರು ಇಳಿದುಹೋಗಲು ಬಿಟ್ಟರೆ ಹಡಗು ಒಣಮರಳಿನ ಮೇಲೆ ನಿಲ್ಲುತ್ತದೆ, ವಾಹನಗಳು ಚಕ್ರ ನೆನೆಯದೆ ಇಳಿಯುತ್ತವೆ. ಬೆನ್ನು ಮುರಿದೀತೆಂದು ಆರಂಭದಲ್ಲಿ ಹಿಂಜರಿದರು. ಮಾಡಿ ನೋಡಿದಾಗ ಚಪ್ಪಟೆ ತಳ ತಡೆದುಕೊಂಡಿತು. ಆದರೆ ಅಡಿಯಲ್ಲಿ ಬಂಡೆಯೋ ಬಾಂಬಿನ ಗುಂಡಿಯೋ ಇರಬಾರದು. ಇದ್ದರೆ ಭಾರವೆಲ್ಲ ಒಂದೆರಡು ಕಡೆ ಬಿದ್ದು ತಗಡು ಬಾಗುತ್ತದೆ. ಮುಂದಿನ ಉಬ್ಬರಕ್ಕೆ ಹಡಗು ತೇಲಿ ಹಿಂದಿರುಗುತ್ತಿತ್ತು. ವಾಹನ ಒಯ್ದ ಎಲ್‌ಎಸ್‌ಟಿಗಳು ವಾಪಸು ಬರುವಾಗ ಗಾಯಾಳುಗಳನ್ನು ತರುತ್ತಿದ್ದವು. 1945ರ ಏಪ್ರಿಲ್ ಒಳಗೆ 325 ಇಂಗ್ಲೆಂಡು ಫ್ರಾನ್ಸುಗಳ ನಡುವೆ ಹೀಗೆ 40ಕ್ಕೂ ಹೆಚ್ಚು ಸಲ ಓಡಾಡಿತು. 1944ರ ಡಿಸೆಂಬರ್ 28ರಂದು ಎಂಪೈರ್ ಜಾವೆಲಿನ್ ಎಂಬ ಸೈನಿಕ ಸಾಗಾಣಿಕೆಯ ಹಡಗು ಫ್ರಾನ್ಸಿನ ಕರಾವಳಿಯಾಚೆ ಸಿಡಿದು ಮುಳುಗುವಾಗ ಸುಮಾರು 700 ಜನರ ಪ್ರಾಣ ಉಳಿಸುವುದರಲ್ಲಿ ಇದರ ಪಾಲಿತ್ತು.

ತಳದ ಕೆಡುಕು ಎದುರಾದದ್ದು ಯುರೋಪಿನಲ್ಲಿ ಯುದ್ಧ ಮುಗಿದ ಮೇಲೆ. 1945ರ ಮೇ ತಿಂಗಳಲ್ಲಿ ಬೆಲ್‌ಫಾಸ್ಟಿನಿಂದ ಅಮೆರಿಕಕ್ಕೆ ಹಿಂದಿರುಗುವಾಗ ಅಟ್ಲಾಂಟಿಕ್‌ನಲ್ಲಿ ಬಿರುಗಾಳಿ. ಚೂಪು ತಳದ ಹಡಗು ಅಲೆಯನ್ನು ಸೀಳುತ್ತದೆ. ಚಪ್ಪಟೆ ತಳದ ಮೂತಿ ಎದ್ದು ನೀರಿನ ಮೇಲೆ ಅಂಗಾತ ಅಪ್ಪಳಿಸುತ್ತದೆ. ಪ್ರತಿ ಹೊಡೆತಕ್ಕೂ ಹಡಗಿನ ನಡು ಬಾಗಿ ನೆಟ್ಟಗಾಗುತ್ತದೆ. ತಗಡುಗಳನ್ನು ರಿವೆಟ್ ಮೊಳೆಗಳಿಂದ ಜೋಡಿಸಿದ ಹಳೆಯ ಹಡಗುಗಳಲ್ಲಿ ಬಿರುಕು ಸಾಮಾನ್ಯವಾಗಿ ಒಂದು ತಗಡಿನ ಅಂಚಿಗೆ ಬಂದು ನಿಲ್ಲುತ್ತಿತ್ತು. ಬೆಸುಗೆ ಹಾಕಿದ ಒಡಲಿನಲ್ಲಿ ಅಂಥ ಅಂಚೇ ಇಲ್ಲ, ಬಿರುಕು ಓಡುತ್ತಲೇ ಹೋಗಬಹುದು. ಒಂದು ಭಾರೀ ಅಲೆಗೆ ನೇರವಾಗಿ ಡಿಕ್ಕಿ ಕೊಟ್ಟ 325ರ ಮೇಲ್ಡೆಕ್ಕಿನ ಮೇಲೆ ಅಡ್ಡಲಾಗಿ ಬಿರುಕು ಬಿಟ್ಟಿತು. ಹಡಗಿನಲ್ಲಿದ್ದ ಕೆಲಸಗಾರರು ಆ ಬಿರುಗಾಳಿಯಲ್ಲೇ ಬಿರುಕಿನ ಮೇಲೆ ಉಕ್ಕಿನ ತಗಡುಗಳನ್ನು ವೆಲ್ಡ್ ಮಾಡಿ ಕೂರಿಸಿದರು. ಇದರ ಇಡೀ ಸೇವೆಯಲ್ಲಿ ನಾನು ಅತ್ಯಂತ ಗೌರವದಿಂದ ನೆನೆಯುವುದು ಆ ವೆಲ್ಡರುಗಳನ್ನು. ಮೇ 31ರಂದು ಹಡಗು ನಾರ್ಫೋಕ್ ಮುಟ್ಟಿತು.

ಮುಂದಿನ ವರ್ಷಗಳನ್ನು ಬೇಗ ದಾಟಬಹುದು. 1946ರ ಜುಲೈ 2ರಂದು ನಿವೃತ್ತಿ. 1951ರಲ್ಲಿ ಮತ್ತೆ ಕರೆ, ಲ್ಯಾಬ್ರಡಾರ್ ಮತ್ತು ಬ್ಯಾಫಿನ್ ಕೊಲ್ಲಿಯ ಹಿಮದ ನೀರಿನಲ್ಲಿ ರಾಡಾರ್ ಕೇಂದ್ರಗಳಿಗೆ ಸರಕು. 1964ರಲ್ಲಿ ಗ್ರೀಸಿಗೆ ಹಸ್ತಾಂತರ. ಅಲ್ಲಿ ಸೈರೋಸ್ ಎಂಬ ದ್ವೀಪದ ಹೆಸರು ಸಿಕ್ಕಿತು, 1999ರವರೆಗೆ ಸೇವೆ ಸಾಗಿತು.

2000ದಲ್ಲಿ ಅಮೆರಿಕದ ಮಾಜಿ ನಾವಿಕರು ಕ್ರೀಟ್ ದ್ವೀಪಕ್ಕೆ ಹೋಗಿ ಅದನ್ನು ರಿಪೇರಿ ಮಾಡಿ, ರಾಬರ್ಟ್ ಜಾರ್ನ್‌ಲಿನ್ ನಾಯಕತ್ವದಲ್ಲಿ ತಾವೇ ನಡೆಸಿಕೊಂಡು ಹೊರಟರು. ಸಿಬ್ಬಂದಿಯ ಸರಾಸರಿ ವಯಸ್ಸು 72. ಜಿಬ್ರಾಲ್ಟರಿನಲ್ಲಿ ನಿಂತು, 2001ರ ಜನವರಿ 10ರಂದು ಅಮೆರಿಕದ ಅಲಬಾಮಾ ರಾಜ್ಯದ ಮೊಬೈಲ್ ಎಂಬ ಬಂದರು ತಲುಪಿದರು. ಸುಮಾರು 6,500 ಮೈಲಿ. ಇದು ಸಾಧ್ಯವಾದದ್ದರಲ್ಲಿ ಎಂಜಿನ್ನಿನ ಪಾತ್ರ ದೊಡ್ಡದು. 567 ಎಂಜಿನ್ನು ಅಮೆರಿಕದ ರೈಲುಗಳಲ್ಲೂ ದಶಕಗಳ ಕಾಲ ಓಡಿದ್ದು, ಹಾಗಾಗಿ ಬಿಡಿಭಾಗ ಸಿಗುತ್ತದೆ. ಒಂದು ಸಿಲಿಂಡರು ಕೆಟ್ಟರೆ ಅದರ ಪಿಸ್ಟನ್, ಲೈನರ್, ಹೆಡ್ಡುಗಳನ್ನಷ್ಟೇ ಮೇಲಿನಿಂದ ಎಳೆದು ಬೇರೆಯದನ್ನು ಕೂರಿಸಬಹುದು, ಎಂಜಿನ್ನನ್ನು ಹಡಗಿನಿಂದ ಹೊರತೆಗೆಯಬೇಕಿಲ್ಲ. ಹುಬ್ಬಳ್ಳಿಯ ಡೀಸೆಲ್ ಶೆಡ್ಡಿನವರಿಗೆ ಇದು ಪರಿಚಿತ ಕೆಲಸ. ಅಲ್ಲಿನ ಡಬ್ಲ್ಯೂಡಿಜಿ-4 ರೈಲು ಎಂಜಿನ್‌ಗಳಲ್ಲಿರುವ 710 ಡೀಸೆಲ್ ಎಂಜಿನ್ನು ಇದೇ ವಂಶದ್ದು: 567, ಆಮೇಲೆ 645, ಆಮೇಲೆ 710. ಮೂರೂ ಅಂಕಿಗಳು ಒಂದೊಂದು ಸಿಲಿಂಡರಿನ ಗಾತ್ರವನ್ನು ಘನ ಇಂಚಿನಲ್ಲಿ ಹೇಳುತ್ತವೆ.

2005ರಿಂದ 325ರ ನೆಲೆ ಇಂಡಿಯಾನಾದ ಎವನ್ಸ್‌ವಿಲ್, ಓಹಾಯೊ ನದಿಯ ದಂಡೆ. ಯುದ್ಧಕಾಲದಲ್ಲಿ ಸಮುದ್ರದಿಂದ ಅಷ್ಟು ದೂರದ ಆ ಊರು 167 ಎಲ್‌ಎಸ್‌ಟಿಗಳನ್ನು ಕಟ್ಟಿ ನದಿಯಲ್ಲೇ ಕೆಳಗೆ ಕಳಿಸಿತ್ತು.

ಇಂಥ ಹಡಗನ್ನು ಉಳಿಸಿಕೊಳ್ಳುವ ಬಗೆಯ ಬಗ್ಗೆ ಒಂದು ಮಾತು. ಇದರ ಚಿಕ್ಕ ಸೋದರ, ಬ್ರಿಟನ್ನಿನ ಎಲ್‌ಸಿಟಿ 7074, ನಾರ್ಮಂಡಿಗೆ 10 ಟ್ಯಾಂಕು ಒಯ್ದದ್ದು, ಯುದ್ಧಾನಂತರ ಲಿವರ್‌ಪೂಲಿನಲ್ಲಿ ಕ್ಲಬ್ಬಾಗಿ, ಕೊನೆಗೆ ಗತಿಯಿಲ್ಲದೆ ಬರ್ಕನ್‌ಹೆಡ್ ಹಡಗುಕಟ್ಟೆಯ ನೀರಲ್ಲೇ ಮುಳುಗಿತು. 2014ರಲ್ಲಿ ಮೇಲೆತ್ತಿ, ದುರಸ್ತಿ ಮಾಡಿ, 2020ರಲ್ಲಿ ಪೋರ್ಟ್ಸ್‌ಮತ್ತಿನ ಸೌತ್‌ಸೀಯಲ್ಲಿ ನೆಲದ ಮೇಲೆ, ಚಾವಣಿಯಡಿ ಇಟ್ಟರು. ನಮ್ಮ ಕಾರವಾರದ ಕಡಲತೀರದಲ್ಲಿ ನಿಂತಿರುವ ಐಎನ್‌ಎಸ್ ಚಪಲ್ ಕೂಡ ನೆಲದ ಮೇಲೆಯೇ ಇದೆ. ನೆಲದ ಮೇಲಿದ್ದರೆ ತಳ ಕಣ್ಣಿಗೆ ಕಾಣುತ್ತದೆ, ತುಕ್ಕು ಹಿಡಿದಲ್ಲಿ ಅಂದೇ ಉಜ್ಜಿ ಬಣ್ಣ ಬಳಿಯಬಹುದು, ಆದರೆ ಎಂಜಿನ್ನು ಮತ್ತೆಂದೂ ಹಡಗನ್ನು ನಡೆಸುವುದಿಲ್ಲ. ನೀರಿನಲ್ಲಿಟ್ಟರೆ ನಿಯಮಿತವಾಗಿ ಡ್ರೈ ಡಾಕಿಗೆ, ಅಂದರೆ ನೀರು ಖಾಲಿಮಾಡಿ ಹಡಗು ರಿಪೇರಿ ಮಾಡುವ ಕಟ್ಟೆಗೆ, ಒಯ್ದು ತಗಡಿನ ದಪ್ಪ ಅಳೆಯಬೇಕು. ಬ್ಯಾಲಸ್ಟ್ ಟ್ಯಾಂಕುಗಳ ಒಳಗೂ ಇಳಿದು ನೋಡಬೇಕು, ಏಕೆಂದರೆ ವರ್ಷಗಟ್ಟಲೆ ಉಪ್ಪುನೀರು ತುಂಬಿ ಖಾಲಿಯಾದ ಟ್ಯಾಂಕಿನಲ್ಲಿ ತುಕ್ಕು ಒಳಗಿನಿಂದ ತಿನ್ನುತ್ತದೆ, ಹೊರಗಿನ ಬಣ್ಣ ಹೊಳೆಯುತ್ತಲೇ ಇರುತ್ತದೆ. ಮುಚ್ಚಿದ ಟ್ಯಾಂಕಿನಲ್ಲಿ ಆ ತುಕ್ಕೇ ಗಾಳಿಯ ಆಮ್ಲಜನಕವನ್ನು ಹೀರಿರುತ್ತದೆ. ಆದ್ದರಿಂದ ಮುಚ್ಚಳ ತೆಗೆದು, ಫ್ಯಾನು ಹಚ್ಚಿ, ಮೀಟರಿನಲ್ಲಿ ಗಾಳಿ ಪರೀಕ್ಷಿಸಿ, ಮೇಲೆ ಒಬ್ಬರನ್ನು ಕಾವಲಿಗೆ ನಿಲ್ಲಿಸಿದ ನಂತರವೇ ಒಳಗೆ ಕಾಲಿಡಬೇಕು.