ಬೇಸಿಗೆ ಮಳೆ, ಸಂಡಿಗೆ ಮತ್ತು ಸಿಡಿಲು

ಕೇಳುಗರಿಗೆ ನಮಸ್ಕಾರ.

ಮಧ್ಯಾಹ್ನದ ಸೆಕೆ ತಡೆಯೋಕಾಗ್ತಿಲ್ಲ, ಅಲ್ವಾ? ಸಂಜೆ ಹೊತ್ತಿಗೆ ಕಪ್ಪಗೆ ಮೋಡ ಏಳುತ್ತದೆ. ಇದು ಅಶ್ವಿನಿ, ಭರಣಿ ಮಳೆಗಳ ಕಾಲ, ಅಂದರೆ ಏಪ್ರಿಲ್ ಮಧ್ಯದಿಂದ ಮೇ ಎರಡನೇ ವಾರದ ತನಕ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಅಂತ ರೈತರು ಕಾದು ಕೂರುವ ಮಳೆ. ಆದರೆ ಇದು ಜೂನ್ ಮಳೆಯ ಹಾಗೆ ಸುಮ್ನೆ ಸುರಿದು ಹೋಗುವುದಿಲ್ಲ. ಕಾದ ನೆಲದಿಂದ ಎದ್ದ ತೇವದ ಗಾಳಿ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದ ಮೋಡ ಕಟ್ಟುತ್ತದೆ. ಅದರೊಳಗೆ ಮಂಜಿನ ಹರಳುಗಳು ಒಂದಕ್ಕೊಂದು ತಾಕಿ ವಿದ್ಯುತ್ ಹುಟ್ಟುತ್ತದೆ. ಈ ಮಳೆಗೆ ಗುಡುಗು, ಸಿಡಿಲು ಜಾಸ್ತಿ ಆಗುವುದು ಅದಕ್ಕೇ.

ಮಳೆ ಜೋರಾಗಿ ಹೊಯ್ಯುವಾಗ ನಮ್ಮನೆಯಲ್ಲಿ ಯಾರೂ ಹೊರಗೆ ಕಾಲಿಡುವುದಿಲ್ಲ. ನನಗೆ ಭಯ ಇರುವುದು ಮಳೆಗೆ ಮುಂಚಿನ ಹತ್ತು ನಿಮಿಷದ್ದು, ಮಳೆ ನಿಂತ ಮೇಲಿನ ಅರ್ಧ ಗಂಟೆಯದ್ದು.

ಮುಂಚೆ ಏನಾಗುತ್ತದೆ? ತಾರಸಿ ಮೇಲೆ ಸಂಡಿಗೆ ಇರುತ್ತದೆ. ಹಳೇ ಪಂಚೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಬೆಳಗಿನ ಜಾವ ಎದ್ದು ಇಟ್ಟ ಸಂಡಿಗೆ. ಮೇಲೆ ಒಣಗಿದೆ, ಅಡಿ ಇನ್ನೂ ಹಸಿ. ಗಾಳಿ ಎದ್ದು ಪಂಚೆಯ ಅಂಚು ಪಟಪಟ ಬಡಿದ ಕೂಡಲೇ ನಮ್ಮತ್ತೆ ಮೆಟ್ಟಿಲ ಹತ್ತಿರ ಇರುತ್ತಾರೆ. "ಅತ್ತೆ, ಗುಡುಗ್ತಿದೆ, ಬೇಡಿ" ಅಂದರೆ, "ಇನ್ನೂ ಒಂದು ಹನಿಯೂ ಬಿದ್ದಿಲ್ಲ ಕಣೇ" ಅನ್ನುತ್ತಾರೆ. ಆದರೆ ಸಿಡಿಲಿಗೆ ಹನಿ ಬೀಳಬೇಕೆಂದೇನಿಲ್ಲ. ಮಳೆ ಸುರಿಯುವ ಜಾಗದಿಂದ ಹತ್ತು ಕಿಲೋಮೀಟರ್ ಆಚೆಯೂ ಅದು ಬಡಿಯುತ್ತದೆ. ಗುಡುಗು ಕಿವಿಗೆ ಬಿತ್ತು ಅಂದರೆ ನೀವು ಅದರ ಕೈಗೆಟಕುವಷ್ಟು ಹತ್ತಿರದಲ್ಲೇ ಇದ್ದೀರಿ. ಈಗ ನಮ್ಮಲ್ಲಿ ಮೋಡ ಕಂಡಾಗಲೇ ಪಂಚೆ ಸುತ್ತಿ ಒಳಗೆ ತರುತ್ತೇವೆ. ಸಂಡಿಗೆ ಒಂದಷ್ಟು ಮುರಿಯುತ್ತದೆ, ಮುರಿಯಲಿ. ಕರಿದರೆ ರುಚಿಯೇನೂ ಕಮ್ಮಿ ಆಗಲ್ಲ. ಅದೇ ಓಡಾಟದಲ್ಲಿ ಟಿವಿ, ಫ್ರಿಜ್ಜಿನ ಪ್ಲಗ್ಗನ್ನೂ ತೆಗೆದುಬಿಡಬೇಕು. ಮಿಂಚು ಶುರುವಾದ ಮೇಲೆ ಪ್ಲಗ್ ಮುಟ್ಟಬಾರದು, ಬಚ್ಚಲಿಗೆ ಇಳಿದು ಸ್ನಾನವನ್ನೂ ಮಾಡಬಾರದು.

ಅತ್ತೆಯ ಹಳೇ ಪದ್ಧತಿಗಳನ್ನೆಲ್ಲ ನಾನು ತೆಗೆದುಹಾಕುವುದಿಲ್ಲ. ಕನ್ನಡಿಗೆ ಬಟ್ಟೆ ಮುಚ್ಚುತ್ತಾರೆ, ಅದರಿಂದ ತೊಂದರೆ ಏನಿಲ್ಲ. ಆಲಿಕಲ್ಲು ನಿಲ್ಲಲಿ ಅಂತ ಅಂಗಳಕ್ಕೆ ಕತ್ತಿ ಎಸೆಯುವುದಿದೆಯಲ್ಲ, ಅದು ಮಾತ್ರ ಬೇಡ. ಎಸೆಯೋಕೆ ಬಾಗಿಲಾಚೆ ಬರಬೇಕಲ್ಲ!

ಇನ್ನು ಅರ್ಜುನನ ಹೆಸರು. ಮಿಂಚಿದ ತಕ್ಷಣ ಅತ್ತೆ ಮೊಮ್ಮಗನನ್ನು ತೊಡೆ ಮೇಲೆ ಕೂರಿಸಿಕೊಂಡು ಶುರು ಮಾಡುತ್ತಾರೆ: ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ... ಧನಂಜಯನ ತನಕ ಹತ್ತು ಹೆಸರು. ಇದಕ್ಕೆ ನಾನೊಂದು ಲೆಕ್ಕ ಸೇರಿಸಿದ್ದೇನೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನಿಧಾನವಾಗಿ ಹೇಳಿದರೆ ಹೆಸರಿಗೆ ಒಂದು ಸೆಕೆಂಡು, ಮೂರು ಹೆಸರಿಗೆ ಒಂದು ಕಿಲೋಮೀಟರ್. ಕಿರೀಟಿಗೆ ಮುಂಚೆಯೇ ಗುಡುಗಿದರೆ ಸಿಡಿಲು ಪಕ್ಕದ ತೋಟದಲ್ಲೇ ಅಂದುಕೊಳ್ಳಿ. ಹತ್ತೂ ಹೆಸರನ್ನು ಮೂರು ಸಲ ಹೇಳಿದ ಮೇಲೆ ಗುಡುಗಿದರೆ ಅದು ಸುಮಾರು ಹತ್ತು ಕಿಲೋಮೀಟರ್ ದೂರ. ಹೀಗೆ ಎಣಿಸುವುದರಲ್ಲಿ ಹುಡುಗನಿಗೆ ಅಳೋದು ಮರೆತೇ ಹೋಗುತ್ತದೆ.

ಈ ಮಾತನ್ನು ನೀವು ಮೀಡಿಯಂ ವೇವ್ ರೇಡಿಯೋದಲ್ಲಿ ಕೇಳುತ್ತಿದ್ದೀರಾ? ಹಾಗಿದ್ದರೆ ನಡುನಡುವೆ ಚಟ್, ಕರಕರ ಅಂತ ಸದ್ದು ಬಂದಾಗ ರೇಡಿಯೋ ಕೆಟ್ಟಿತು ಅಂತ ತಟ್ಟಬೇಡಿ. ದೂರದ ಮಿಂಚು ಕೂಡ ಹಾಗೇ ಕೇಳಿಸುತ್ತದೆ. ಗುಡುಗು ಕಿವಿಗೆ ಬೀಳುವ ಎಷ್ಟೋ ಮೊದಲೇ ರೇಡಿಯೋಗೆ ಗೊತ್ತಾಗಿರುತ್ತದೆ. ಮೊಬೈಲ್ ಇದ್ದವರಿಗೆ ಹತ್ತಿರದ ಸಿಡಿಲಿನ ಎಚ್ಚರಿಕೆ ಕೊಡುವ, ಪುಣೆಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಇದೆ.

ಮಳೆ ನಿಂತಿತು ಅನ್ನಿ. ಮಕ್ಕಳು ಚೀಲ ಹಿಡಿದು ಮಾವಿನ ಮರದ ಬುಡಕ್ಕೆ ಓಡುತ್ತಾರೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಬಿಡಬೇಡಿ. ಮರಕ್ಕೆ ಬಡಿದ ಸಿಡಿಲು ಬುಡದ ನೆಲದಲ್ಲೂ ಹರಡುತ್ತದೆ. ಮರದಡಿ ಗುಂಪಾಗಿ ನಿಂತ ಕುರಿಗಳು ಒಟ್ಟಿಗೇ ಸಾಯುವುದು ಹೀಗೆ. ರಬ್ಬರ್ ಚಪ್ಪಲಿ ಹಾಕಿದ್ದೀನಿ ಅನ್ನುವ ಧೈರ್ಯವೂ ಬೇಡ.

ಅಷ್ಟಕ್ಕೂ ಬಿದ್ದ ಕಾಯಿ ಎಲ್ಲಿಗೂ ಓಡಿಹೋಗಲ್ಲ. ಪೆಟ್ಟು ತಿಂದಿರುತ್ತದೆ, ಉಪ್ಪಿನಕಾಯಿಗೆ ಬಾರದು. ತುರಿದು ರಾತ್ರಿಗೇ ಚಿತ್ರಾನ್ನ ಕಲಸಿಬಿಡಿ.

ನಮಸ್ಕಾರ.