ಆಪರೇಷನ್ ಆದ ಮೊದಲ ರಾತ್ರಿ

ಎಲ್ಲರಿಗೂ ನಮಸ್ಕಾರ. ಮೆಡಿಕಲ್-ಸರ್ಜಿಕಲ್ ನರ್ಸಿಂಗ್‌ನ ಮೂಲತತ್ವಗಳ ಬಗ್ಗೆ ಮಾತಾಡಿ ಅಂತ ಪ್ರಿನ್ಸಿಪಾಲರು ಹೇಳಿದ್ದಾರೆ. ಹೊಸ ಪಠ್ಯಕ್ರಮದಲ್ಲಿ ಅದು ‘ಅಡಲ್ಟ್ ಹೆಲ್ತ್ ನರ್ಸಿಂಗ್’ ಆಗಿದೆ. ಹೆಸರು ಬದಲಾದರೂ ವಾರ್ಡ್ ಅದೇ. ತತ್ವಗಳ ಪಟ್ಟಿ ನಿಮ್ಮ ನೋಟ್ಸ್‌ನಲ್ಲಿದೆ, ಪರೀಕ್ಷೆಗೆ ಅದನ್ನೇ ಬರೆಯಿರಿ. ನಾನು ಇವತ್ತು ಆಪರೇಷನ್ ಆದ ರೋಗಿಯ ಮೊದಲ ರಾತ್ರಿಯನ್ನಷ್ಟೇ ಹಿಡಿಯುತ್ತೇನೆ.

ರೋಗಿ ಥಿಯೇಟರ್‌ನಿಂದ ಬಂದ ಮೇಲೆ ಮೊದಲ ಗಂಟೆ 15 ನಿಮಿಷಕ್ಕೊಮ್ಮೆ ನಾಡಿ, ಬಿಪಿ, ಉಸಿರಾಟ ನೋಡುವುದು ರೂಢಿ. ಆದರೆ ಎಷ್ಟೋ ಚಾರ್ಟ್‌ಗಳಲ್ಲಿ ಉಸಿರಾಟದ ಸಾಲು ನೋಡಿದರೆ 20, 20, 20. ಜ್ವರ ಇದ್ದವರಿಗೂ 20, ಗೊರಕೆ ಹೊಡೆಯುವವರಿಗೂ 20. ಯಾರೂ ಎಣಿಸಿಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ರೋಗಿಯ ಸ್ಥಿತಿ ಕೆಡುವಾಗ ಮೊದಮೊದಲೇ ಬದಲಾಗುವುದು ಈ ಉಸಿರಾಟವೇ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ತಂದು 2017ರಲ್ಲಿ ಪರಿಷ್ಕರಿಸಿದ ‘ನ್ಯೂಸ್’ (ನ್ಯಾಷನಲ್ ಅರ್ಲಿ ವಾರ್ನಿಂಗ್ ಸ್ಕೋರ್, ಅಂದರೆ ರೋಗಿಯ ಸ್ಥಿತಿ ಕೆಡುವುದನ್ನು ಮೊದಲೇ ಎಚ್ಚರಿಸುವ) ಅಂಕಪದ್ಧತಿಯಲ್ಲಿ ನಿಮಿಷಕ್ಕೆ 12ರಿಂದ 20 ಉಸಿರಿಗೆ ಸೊನ್ನೆ, 21ರಿಂದ 24ಕ್ಕೆ 2 ಅಂಕ. 25 ಮುಟ್ಟಿದರೆ ಅಥವಾ 8ಕ್ಕೆ ಇಳಿದರೆ ಅದೊಂದಕ್ಕೇ 3. ನಾಡಿ, ಬಿಪಿ ಮುಂತಾದ ಎಲ್ಲದರ ಅಂಕ ಸೇರಿ 5 ಆದರೆ ಡಾಕ್ಟರು ಬೇಗ ಬಂದು ನೋಡಬೇಕು; 7 ಆದರೆ ಎಮರ್ಜೆನ್ಸಿ. ಎಣಿಸುತ್ತೇನೆ ಅಂತ ರೋಗಿಗೆ ಹೇಳಬೇಡಿ, ಹೇಳಿದ ಕೂಡಲೇ ಉಸಿರಾಟ ಬದಲಾಗುತ್ತದೆ. ನಾಡಿ ನೋಡಿದ ಕೈ ಬಿಡದೆ, ಹೊದಿಕೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ನೋಡಿ. ಮಾನಿಟರ್ ಇದ್ದರೂ ಅಷ್ಟೇ. ರೋಗಿ ಮಗ್ಗುಲು ಬದಲಿಸಿದರೂ ಅದರ ಲೆಕ್ಕ ತಪ್ಪುತ್ತದೆ.

ಬಿಪಿ ಸರಿಯಾಗಿದೆ ಅಂತ ನೆಮ್ಮದಿಯಾಗಿ ಕೂರುವವರೇ ಹೆಚ್ಚು. ಒಳಗೆ ರಕ್ತ ಸೋರುತ್ತಿದ್ದರೂ, ಗಟ್ಟಿಮುಟ್ಟಾದ ವಯಸ್ಕರಲ್ಲಿ ಸುಮಾರು ಶೇ 30ರಷ್ಟು ರಕ್ತ ಹೋಗುವವರೆಗೆ ಮೇಲಿನ ಬಿಪಿ ಬೀಳದೇ ಇರಬಹುದು. ಅಷ್ಟರಲ್ಲಿ ಸಾಮಾನ್ಯವಾಗಿ ನಾಡಿ 100 ದಾಟಿರುತ್ತದೆ, ಕೈಕಾಲು ತಣ್ಣಗಾಗಿರುತ್ತವೆ. (ನಾಡಿ ನಿಧಾನ ಮಾಡುವ ಅಟೆನೋಲಾಲ್‌ನಂಥ ಬಿಪಿ ಮಾತ್ರೆ ತಗೊಳ್ಳುವವರಲ್ಲಿ ನಾಡಿಯೂ ಏರದೆ ಮೋಸ ಮಾಡಬಹುದು.) ಮೂತ್ರ ಗಂಟೆಗೆ ತೂಕದ ಕೆಜಿಗೆ ಅರ್ಧ ಎಂಎಲ್ ಆದರೂ ಬರಬೇಕು, ಅಂದರೆ 60 ಕೆಜಿಯವರಿಗೆ 30 ಎಂಎಲ್. ಬಾರದಿದ್ದರೆ ಮೊದಲು ಕ್ಯಾಥೆಟರ್ ಟ್ಯೂಬ್ ಮಡಚಿದೆಯಾ ನೋಡಿ. ಡ್ರೈನ್ (ಆಪರೇಷನ್ ಜಾಗದ ರಕ್ತ, ನೀರು ಹೊರಗೆ ತರುವ ಕೊಳವೆ) ಖಾಲಿ ಇದೆ ಅಂತ ಖುಷಿಪಡಬೇಡಿ, ಹೆಪ್ಪುಗಟ್ಟಿ ಕಟ್ಟಿಕೊಂಡಿರಬಹುದು. ಡ್ರೆಸಿಂಗ್ ಮೇಲ್ಗಡೆ ಒಣಗಿದ್ದು, ಸೋರಿದ ರಕ್ತವೆಲ್ಲ ಸೊಂಟದ ಪಕ್ಕದಿಂದ ಇಳಿದು ಬೆನ್ನಡಿ ನಿಂತಿರಬಹುದು. ಬೆನ್ನ ಕೆಳಗೆ ಕೈ ಹಾಕಿ ನೋಡಿ, ಗ್ಲೌಸ್ ಹಾಕಿಕೊಂಡೇ.

ರೋಗಿ ಮಾತಾಡುವುದು ನಮ್ಮ ಪುಸ್ತಕದ ಭಾಷೆಯಲ್ಲಲ್ಲ. “ಸಿಸ್ಟರ್, ಯಾಕೋ ಸಂಕಟ ಆಗ್ತಿದೆ” ಅನ್ನುತ್ತಾರೆ, ಹೊದಿಕೆ ಕಿತ್ತೆಸೆಯುತ್ತಾರೆ, ಪಕ್ಕದಲ್ಲಿರುವ ಮಗಳು “ಅಮ್ಮ ಸಂಜೆ ಹಿಂಗಿರ್ಲಿಲ್ಲ” ಅನ್ನುತ್ತಾಳೆ. ಆ ಚಡಪಡಿಕೆಗೆ ನಿದ್ದೆ ಇಂಜೆಕ್ಷನ್ ಕೇಳಲು ಓಡಬೇಡಿ. ಆಮ್ಲಜನಕ ಸಾಲದಿರಬಹುದು, ರಕ್ತ ಹೋಗುತ್ತಿರಬಹುದು, ಮೂತ್ರ ಕಟ್ಟಿರಬಹುದು, ಬರೀ ನೋವೂ ಇರಬಹುದು. ಇದರ ಉಲ್ಟಾ ಕೂಡ ಅಪಾಯವೇ. ನೋವಿಗೆ ಮಾರ್ಫಿನ್ ಕೊಟ್ಟ ಮೇಲೆ “ಹಾಯಾಗಿ ಮಲಗಿದ್ದಾರೆ” ಅನ್ನುವವರ ಉಸಿರು 8ಕ್ಕೆ ಇಳಿದಿರಬಹುದು. ಹೆಸರು ಹಿಡಿದು ಕೂಗಿ, ಎಬ್ಬಿಸಿ.

ರಾತ್ರಿ ಎರಡಕ್ಕೆ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಲು ನಿಮಗೆ ಹೆದರಿಕೆ, ಗೊತ್ತು. “ಪೇಷೆಂಟ್ ಯಾಕೋ ಸರಿ ಇಲ್ಲ ಸರ್” ಅಂದರೆ ಬೈಸಿಕೊಳ್ಳುತ್ತೀರಿ. ಹೀಗೆ ಹೇಳಿ: “ಸರ್, ಸರ್ಜಿಕಲ್ ವಾರ್ಡ್ 6ನೇ ಬೆಡ್. ಮಧ್ಯಾಹ್ನ ಪಿತ್ತಕೋಶದ ಆಪರೇಷನ್ ಆಗಿದೆ. ನಾಡಿ 88 ಇದ್ದದ್ದು 124 ಆಗಿದೆ, ಉಸಿರು 26, ಕಳೆದ ಎರಡು ತಾಸಿನಲ್ಲಿ ಮೂತ್ರ ಬರೀ 25 ಎಂಎಲ್. ಬ್ಲೀಡಿಂಗ್ ಇರಬಹುದು ಅನ್ನಿಸ್ತಿದೆ. ಈಗಲೇ ಬಂದು ನೋಡಬೇಕು.” ಈಗಿನ ಸ್ಥಿತಿ, ಹಿನ್ನೆಲೆ, ನಿಮ್ಮ ಅಂದಾಜು, ಏನು ಬೇಕು ಅನ್ನುವ ಈ ಕ್ರಮವೇ ‘ಎಸ್‌ಬಾರ್’ (ಸಿಚುಯೇಷನ್, ಬ್ಯಾಕ್‌ಗ್ರೌಂಡ್, ಅಸೆಸ್‌ಮೆಂಟ್, ರೆಕಮೆಂಡೇಷನ್), ಅಮೆರಿಕದ ನೌಕಾಪಡೆಯ ಸಬ್‌ಮೆರಿನ್‌ಗಳಿಂದ ಆಸ್ಪತ್ರೆಗೆ ಬಂದದ್ದು. ಫೋನ್ ಮಾಡಿದ ಸಮಯ ಕೇಸ್ ಶೀಟ್‌ನಲ್ಲಿ ಬರೆಯಿರಿ. ಅವರು ಬರದಿದ್ದರೆ ಅವರ ಸೀನಿಯರ್‌ಗೆ ಮಾಡಿ.

ಒಬ್ಬರೇ ಇಡೀ ವಾರ್ಡ್ ನೋಡುವ ರಾತ್ರಿ ಇಷ್ಟೆಲ್ಲ ಆಗುತ್ತಾ ಮೇಡಂ ಅಂತ ಕೇಳುತ್ತೀರಿ. ಎಲ್ಲ ರೋಗಿಗಳಿಗೂ ಮಾಡಲು ಆಗುವುದಿಲ್ಲ, ಸಿಬ್ಬಂದಿ ಕೊಡದೆ ನರ್ಸ್‌ಗಳನ್ನು ದೂರುವುದು ಅನ್ಯಾಯ. ಹಾಗಾಗಿ ಹ್ಯಾಂಡೋವರ್ ವೇಳೆಯಲ್ಲೇ ಆರಿಸಿಕೊಳ್ಳಿ: ಇವತ್ತು ಆಪರೇಷನ್ ಆದವರು, ವಯಸ್ಸಾದವರು, ಮಾರ್ಫಿನ್ ಪಡೆದವರು. ಅವರ ಮಂಚದಿಂದ ರೌಂಡ್ಸ್ ಶುರು ಮಾಡಿ.